ಟ್ಯಾಬ್ ಕಾಟ: ಥಂಡರ್‌ಬರ್ಡಾ, ಕ್ಲಾಸ್ ಮೇಲಾ?

ಮಲ್ಲೇಶ್ವರದ ಆಡಿಟರ್ ಆಫೀಸಿನವರು ಕೇಳಿದ್ದಾರೆ: ಥಂಡರ್‌ಬರ್ಡ್‌ನಲ್ಲಿ ಮೇಲ್‌ಗಳು ಹೊಸ ಹೊಸ ಟ್ಯಾಬ್‌ನಲ್ಲಿ ತೆರೆದುಕೊಂಡು ಕಾಟ, ರೂಪವೂ ಆಗಾಗ ಬದಲಾಗುತ್ತದೆ, ಕ್ಲಾಸ್ ಮೇಲ್‌ಗೆ (Claws Mail) ಹೋಗೋಣವಾ? ಎರಡೂ ಕಂಪ್ಯೂಟರಿನಲ್ಲಿ ಇಮೇಲ್ ಓದಿ ಬರೆಯುವ ತಂತ್ರಾಂಶ, ಎರಡೂ ಪುಕ್ಕಟೆ, ಹಾಗಾಗಿ ದುಡ್ಡಿನ ಮಾತಿಲ್ಲ.

ಟ್ಯಾಬ್ ಕಾಟಕ್ಕೆ ಥಂಡರ್‌ಬರ್ಡ್‌ನಲ್ಲೇ ಮದ್ದಿದೆ. ಸೆಟ್ಟಿಂಗ್ಸ್‌ಗೆ ಹೋಗಿ, ಮೇಲ್ ಎಲ್ಲಿ ತೆರೆಯಬೇಕು ಎನ್ನುವ ಕಡೆ ಹೊಸ ವಿಂಡೋ ಆರಿಸಿ. 2023ರ 115ನೇ ಆವೃತ್ತಿಯಲ್ಲಿ ಬಂದ ಕಾರ್ಡ್ ನೋಟ (ಪಟ್ಟಿಯಲ್ಲಿ ಒಂದೊಂದು ಮೇಲೂ ಒಂದೊಂದು ಚೌಕದಲ್ಲಿ) ಹಿಡಿಸದಿದ್ದರೆ ಸಾಲುಸಾಲಾಗಿ ತೋರಿಸುವ ಟೇಬಲ್ ನೋಟಕ್ಕೆ ಬದಲಿಸಿ. ತಿಂಗಳಿಗೊಂದು ಹೊಸ ವೇಷ ಯಾರಿಗೆ ಬೇಕು, ಅಲ್ವಾ? ಇಎಸ್‌ಆರ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಹಾಕಿಕೊಳ್ಳಿ, ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ ಮಾತ್ರ.

ಕ್ಲಾಸ್ ಮೇಲ್ ಹಗುರ, ಫೋಲ್ಡರ್, ಮೇಲ್ ಪಟ್ಟಿ, ಮೇಲ್ ಎಂಬ ಹಳೇ ಮೂರು ಭಾಗದ ರೂಪದಲ್ಲೇ ಇದೆ. ಆದರೆ ದಪ್ಪಕ್ಷರ, ಬಣ್ಣ, ಟೇಬಲ್ ಹಾಕಿ ಮೇಲ್ ಬರೆಯಲು ಆಗುವುದಿಲ್ಲ. ಬ್ಯಾಂಕಿನವರ ಬಣ್ಣಬಣ್ಣದ ಮೇಲ್ ಸರಿಯಾಗಿ ಕಾಣಲೂ ಪ್ಲಗಿನ್ (ಹೆಚ್ಚುವರಿ ಜೋಡಣೆ) ಬೇಕು.

ಕ್ಲೈಂಟ್‌ಗಳಿಗೆ ಲೆಕ್ಕದ ಟೇಬಲ್ ಕಳಿಸುವವರು ಥಂಡರ್‌ಬರ್ಡ್‌ನಲ್ಲೇ ಇರಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಓದಿ, ಎರಡು ಸಾಲು ಉತ್ತರ ಬರೆಯುವವರಿಗೆ ಕ್ಲಾಸ್ ಮೇಲ್ ಸಾಕು.