ಎತ್ತರದ ಬಟನ್ ಇರುವ ಗಾಡಿ, 7 ಮಳೆಗಾಲದ ನಂತರ

ಕೊಡಗಿನ ಗಾಳಿಬೀಡಿನ ಮಳೆ ನೋಡಿದವರಿಗೆ ನಮ್ಮ ತೋಟದ ದಾರಿ ಹೇಗಿರುತ್ತದೆ ಅಂತ ವಿವರಿಸಬೇಕಿಲ್ಲ. ಎರಡು ಚಕ್ರದ ಜಾಡು, ನಡುವೆ ಎದ್ದ ಮಣ್ಣಿನ ದಿಬ್ಬ. ಸಾಮಾನ್ಯ ಕಾರಾದರೆ ಹೊಟ್ಟೆ ಉಜ್ಜಿಕೊಂಡೇ ಮನೆ ಸೇರಬೇಕು. ಅದಕ್ಕೇ 7 ವರ್ಷದ ಹಿಂದೆ ಈ ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ತಗೊಂಡೆ. ಒಂದು ಬಟನ್ ಒತ್ತಿದರೆ 40-50 ಮಿ.ಮೀ. ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ಅಷ್ಟೇ ಕೆಳಗೆ ಕೂರುತ್ತದೆ. ಹೆಸರು ಬರೆಯುವುದಿಲ್ಲ, ಈ ಜಾತಿಯ ಗಾಡಿಗಳ ರೋಗ ಹೆಚ್ಚುಕಡಿಮೆ ಒಂದೇ.

ಹೊಸ ವಿದ್ಯೆಯೇನಲ್ಲ ಇದು. 1955ರಲ್ಲೇ ಸಿಟ್ರೋಯೆನ್ ಡಿಎಸ್ ಕಾರು ಎಣ್ಣೆ ಮತ್ತು ಗ್ಯಾಸಿನ ಮೇಲೆ ನಿಂತಿತ್ತು. ಪ್ರತಿ ಚಕ್ರಕ್ಕೂ ಒಂದು ಉಕ್ಕಿನ ಗೋಳ, ಒಳಗೆ ರಬ್ಬರ್ ಪೊರೆ. ಪೊರೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಎಣ್ಣೆ. ಗ್ಯಾಸೇ ಸ್ಪ್ರಿಂಗ್. ಪಂಪ್ ಎಣ್ಣೆ ತಳ್ಳಿದರೆ ಗಾಡಿ ಏಳುತ್ತದೆ. ನನ್ನದರಲ್ಲಿ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಕಾಯಿಲ್ ಸ್ಪ್ರಿಂಗ್ ಕೂಡ ಇದ್ದು ಅರ್ಧ ಭಾರ ಹೊರುತ್ತವೆ. ಈ 'ಅರ್ಧ' ನೆನಪಿಟ್ಟುಕೊಳ್ಳಿ.

ಮೊದಲೆರಡು ವರ್ಷ ಹೂವಿನ ಹಾಗೆ ಓಡಿತು. ಮೂರನೇ ಮಳೆಗಾಲದಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಇದಕ್ಕಿಂತ ಎತ್ತಿನಗಾಡಿ ವಾಸಿ" ಅಂದರು. ಅದಾಗಿ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಗಾಡಿ ಹಿಂಭಾಗ ಎತ್ತಿಕೊಂಡು ನಿಂತಿದೆ, ಇಳಿಸಿದರೆ ಇಳಿಯದು, ಮೀಟರಿನಲ್ಲಿ ಎತ್ತರದ ಸಿಸ್ಟಮ್ಮಿನ 'ಆಫ್' ದೀಪ ಮಿಣುಕುತ್ತಿದೆ. ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಬಾನೆಟ್ ಎತ್ತಿದ್ದು ಬಿಟ್ಟರೆ ಬೇರೇನೂ ಮುಟ್ಟದೆ ಪಂಪ್, ನಾಲ್ಕು ಗೋಳ, ಎಲ್ಲಾ ಪೈಪು ಸೇರಿಸಿ ಎಸ್ಟಿಮೇಟ್ ಕೊಟ್ಟರು. ಆ ದುಡ್ಡಿಗೆ ಇನ್ನೊಂದು ಹಳೇ ಜೀಪು ಬರುತ್ತಿತ್ತು. "ಇಲ್ಲಾ ಅಂದ್ರೆ ಇದನ್ನೆಲ್ಲ ಕಿತ್ತು ಸಾದಾ ಶಾಕ್ ಹಾಕ್ಸಿ" ಅಂತ ಬಿಟ್ಟಿ ಸಲಹೆ ಬೇರೆ.

ಕೊನೆಗೆ ಕುಶಾಲನಗರದಲ್ಲಿ ಟಿಪ್ಪರ್, ಟ್ರಾಕ್ಟರಿನ ಹೈಡ್ರಾಲಿಕ್ ರಿಪೇರಿ ಮಾಡುವವರೊಬ್ಬರು ಸಿಕ್ಕರು. ಮೊದಲು ಸಿಸ್ಟಮ್ ಆಫ್ ಮಾಡಿಸಿದರು, ಚಾಸಿಗೆ ಸ್ಟ್ಯಾಂಡ್ ಕೊಟ್ಟರು, ಆಮೇಲೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಹೋದರು. ಎಣ್ಣೆಯ ಒತ್ತಡದ ಮೇಲಷ್ಟೇ ನಿಂತ ಗಾಡಿಯಡಿ ಯಾವತ್ತೂ ತಲೆ ಹಾಕಬೇಡಿ, ಸೋರುವ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಲೂ ಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ.

ಐದೇ ನಿಮಿಷಕ್ಕೆ ನನ್ನನ್ನೂ ಬಗ್ಗಿಸಿ ತೋರಿಸಿದರು. ಹಿಂದಿನ ಎತ್ತರದ ಸೆನ್ಸರ್. ಅದಕ್ಕೊಂದು ಗೇಣುದ್ದದ ಕಡ್ಡಿ, ಎರಡೂ ತುದಿಯಲ್ಲಿ ಬಾಲ್ ಜಾಯಿಂಟ್. ನಮ್ಮ ಕೆಮ್ಮಣ್ಣು ಅದರೊಳಗೆ ಹೊಕ್ಕು ಇಟ್ಟಿಗೆಯಾಗಿತ್ತು. ಬೆರಳಲ್ಲಿ ಆಡಿಸಿದರೆ ಅಲುಗದು. ಗಾಡಿ ಎದ್ದರೂ ಕಡ್ಡಿ ತಿರುಗುವುದಿಲ್ಲ, ಕಂಪ್ಯೂಟರಿಗೆ ಇನ್ನೂ ತಗ್ಗಿದೆ ಅಂತಲೇ ಲೆಕ್ಕ, ಪಂಪ್ ಎಣ್ಣೆ ತಳ್ಳುತ್ತಲೇ ಇರುತ್ತದೆ. ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಪಿನ್ ಉಜ್ಜಿ, ಕಡ್ಡಿ ಹೊಸದು ಹಾಕಿದರು. ದೀಪ ಹೋಯಿತು, ಎತ್ತರ ಸರಿಯಾಯಿತು. ಪಂಪನ್ನು ಇವತ್ತಿನವರೆಗೂ ಬಿಚ್ಚಿಲ್ಲ.

ಆದರೆ ಕುಲುಕಾಟ ಹಾಗೇ ಇತ್ತು. ಅದಕ್ಕೆ ಅವರು ಮಾಡಿದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಸಮತಟ್ಟು ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು ಗಾಡಿ ಪೂರ್ತಿ ಏಳಿಸಿ, ಎಣ್ಣೆ ಡಬ್ಬಿಯ ಮಟ್ಟ ಗುರುತು ಹಾಕಿ. ಪೂರ್ತಿ ಇಳಿಸಿ ಮತ್ತೆ ನೋಡಿ. ನನ್ನ ಗಾಡಿಯಲ್ಲಿ ಗೋಳ ಚೆನ್ನಾಗಿದ್ದರೆ ವ್ಯತ್ಯಾಸ ಡಬ್ಬಿಯ ಮೇಲಿನ ಸುಮಾರು 14 ಗೆರೆ, 7ಕ್ಕಿಂತ ಕಡಿಮೆಯಾದರೆ ಗೋಳದ ಕಥೆ ಮುಗಿಯಿತು. ನನ್ನದು 6. ಗ್ಯಾಸ್ ಪೊರೆ ದಾಟಿ ಸೋರಿದ ಮೇಲೆ ಗೋಳದಲ್ಲಿ ಎಣ್ಣೆಗೆ ಒಳಬಂದು ಹೊರಹೋಗಲು ಜಾಗವೇ ಇರುವುದಿಲ್ಲ. ಹಾಗಾಗಿ ಗೋಳದ ಮಟ್ಟಿಗೆ ಆ ದೊಡ್ಡ ವರ್ಕ್‌ಶಾಪಿನವರ ಮಾತು ನಿಜವೇ ಆಗಿತ್ತು. ಅಳೆಯದೇ ಹೇಳಿದ್ದರು ಅಷ್ಟೇ.

ಎಣ್ಣೆಯ ಒತ್ತಡದ ಅಳತೆ ಇನ್ನೊಂದನ್ನೂ ಹೇಳಿತು. ಹಿಂದಿನ ಮಾಲೀಕರು ಮುಂದೆ ಬುಲ್‌ಬಾರ್, ವಿಂಚ್ ಕಟ್ಟಿಸಿದ್ದರು; ನಾನು ಹಿಂದೆ ಕಾಫಿ ಮೂಟೆ ಹೇರುತ್ತಿದ್ದೆ. ಸ್ಪ್ರಿಂಗ್‌ಗಳು ಕುಸಿದು ತಮ್ಮ ಪಾಲಿನ ಅರ್ಧ ಹೊರುವುದು ಬಿಟ್ಟಿದ್ದವು, ಭಾರವೆಲ್ಲ ಎಣ್ಣೆಯ ಮೇಲೆ. ಟಾರ್ಷನ್ ಬಾರ್ ಬಿಗಿ ಮಾಡಿ, ಹಿಂದಿನ ಸ್ಪ್ರಿಂಗ್ ಬದಲಿಸಿದ ಮೇಲೆ ಒತ್ತಡ ಇಳಿಯಿತು. ಅದು ಮಾಡದೆ ಹೊಸ ಗೋಳ ಹಾಕಿದ್ದರೆ ಅವೂ ಬೇಗ ಸಾಯುತ್ತಿದ್ದವು. ಆ ವರ್ಷ ಹಿಂದಿನೆರಡು, ಮರುವರ್ಷ ಕೊಯ್ಲಿನ ದುಡ್ಡು ಬಂದ ಮೇಲೆ ಮುಂದಿನೆರಡು. ಚಕ್ರದ ಬಳಿ ಎಣ್ಣೆ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಹಳೇ ಎಣ್ಣೆ ಬಿಟ್ಟಾಗ ಬಾಟಲಿಗೆ ಬಂದದ್ದು ಜೋನಿಬೆಲ್ಲದ ಬಣ್ಣ. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಸೀಲ್‌ಗಳು ಹಾಳಾಗುತ್ತವೆ.

ಬೇಸರದ ಸಂಗತಿ: 30 ಕಿ.ಮೀ. ವೇಗ ದಾಟಿದರೆ ತಾನೇ ಕೆಳಗಿಳಿಯುತ್ತದೆ. ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪಿನವರು ಇದನ್ನು ನೋಡಿ ನಗುತ್ತಾರೆ, ಅವರಿಗೆ ಪಟ್ಟಾ ಸ್ಪ್ರಿಂಗ್ ಮುರಿದರೆ ಸಂಜೆಯೊಳಗೆ ಬದಲಿ ಸಿಗುತ್ತದೆ. ನನಗೆ ಗೋಳ ಬರಲು ಆರು ವಾರ ಹಿಡಿಯಿತು. ಆದರೂ ಮಂಡಿನೋವಿನ ಅಮ್ಮ ಮಡಿಕೇರಿ ಆಸ್ಪತ್ರೆ ಮುಂದೆ ಸ್ಟೂಲ್ ಇಲ್ಲದೆ ಹತ್ತುವುದು ಕೆಳಗೆ ಕೂರುವ ಈ ಗಾಡಿಯೊಂದನ್ನೇ.

ಈಗ ಪ್ರತಿ ವಾರ ಹೋಸ್ ಪೈಪಿನಿಂದ ಸೆನ್ಸರ್ ಕಡ್ಡಿಗಳಿಗೆ ನೀರು ಹೊಡೆಯುತ್ತೇನೆ. ಕೊಡಗಿನ ಆಯುಧದ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಒರೆಸುವ ದಿನವೇ ಗೆರೆಯ ಲೆಕ್ಕ ನೋಡುತ್ತೇನೆ. ಹೋದ ಸಲ 12 ಇತ್ತು. ಮಾತ್ರ, ಮೊದಲು 15 ಎಣಿಸುವಷ್ಟರಲ್ಲಿ ಏಳುತ್ತಿದ್ದ ಗಾಡಿಗೆ ಈಚೆಗೆ 22 ಬೇಕಾಗುತ್ತಿದೆ. ಕೊಯ್ಲು ಮುಗಿಯಲಿ, ಪಂಪಿನ ಸರದಿ.