ಅಡುಗೆಮನೆ ಕಟ್ಟೆಗೆ ಗ್ರಾನೈಟೋ, ಮಾರ್ಬಲ್ಲೋ?

ನೋಟಕ್ಕೆ ಮಾರ್ಬಲ್ಲೇ ಚೆಂದ, ಒಪ್ಪೋಣ. ಆದರೆ ಅದರಲ್ಲಿ ಬಹುಪಾಲು ಇರುವುದು ಕ್ಯಾಲ್ಸೈಟ್ ಎಂಬ ಮೆದು ಖನಿಜ. ಮಾರ್ಬಲ್ ಎಂದರೆ ಸುಣ್ಣದಕಲ್ಲು ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಮತ್ತೆ ಹರಳುಗಟ್ಟಿದ್ದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರದು ಬರೀ 3. ಚಾಕು ಎಳೆದರೆ ಗೀರು ಬಿತ್ತೆಂದೇ ಲೆಕ್ಕ. ಅದಕ್ಕಿಂತ ದೊಡ್ಡ ಶತ್ರು ಹುಳಿ. ನಿಂಬೆರಸವೋ ಹುಣಸೆರಸವೋ ಚೆಲ್ಲಿ ಹಾಗೇ ಬಿಟ್ಟರೆ ಆಮ್ಲ ಕ್ಯಾಲ್ಸೈಟನ್ನು ಕರಗಿಸುತ್ತದೆ. ಆ ಮಂಕು ಒರೆಸಿದರೆ ಹೋಗದು, ಪಾಲಿಶ್ ಮಾಡಿಸಬೇಕು. ದಿನಾ ಸಾರು ಕುದಿಯುವ ಮನೆಗೆ ಇದು ಬೇಡದ ತಲೆನೋವು.

ಗ್ರಾನೈಟ್, ಶಿಲಾಪಾಕ (ಕರಗಿದ ಕಲ್ಲು) ಆಳದಲ್ಲಿ ನಿಧಾನವಾಗಿ ತಣಿದು ಆದದ್ದು. ಹರಳುಗಳು ಬರಿಗಣ್ಣಿಗೇ ಕಾಣುವುದು ಅದಕ್ಕೇ. ಅದರಲ್ಲಿರುವ ಮುಖ್ಯ ಖನಿಜಗಳಲ್ಲಿ ಕ್ವಾರ್ಟ್ಜ್‌ನ ಗಡಸುತನ 7, ಫೆಲ್ಡ್‌ಸ್ಪಾರ್‌ನದು 6. ಹುಳಿಗೆ ಜಗ್ಗದು. ಇಳಕಲ್ಲಿನ ಕೆಂಪು ಗ್ರಾನೈಟ್ ಧಾರಾಳವಾಗಿ ಸಾಕು. (ಬ್ಲ್ಯಾಕ್ ಗ್ರಾನೈಟ್ ಎಂದು ಮಾರುವ ಚಾಮರಾಜನಗರದ ಕಪ್ಪುಕಲ್ಲು ಅಸಲಿಗೆ ಡಾಲರೈಟ್ ಎಂಬ ಬೇರೆ ಜಾತಿಯ ಕಲ್ಲು, ಕಟ್ಟೆಗೆ ಅದೂ ಆದೀತು.) ಮಾರ್ಬಲ್ ಬೇಕೇ ಬೇಕೆಂದರೆ ದೇವರಮನೆಗೆ ಹಾಕಿಸಿ.