ದಿನಕ್ಕೊಂದು ಬೆಳಕಿನ ಕಾರ್ಡ್: ತಾಮ್ರದ ಟೇಪೋ, ಬೆಸುಗೆಯೋ?

ಎಲ್‌ಇಡಿ ದೀಪ ಹತ್ತುವ ಕಾಗದದ ಕಾರ್ಡ್ ಮಾಡಲು ದಿನಾ ಅರ್ಧ ಗಂಟೆ ಮಾತ್ರ ಸಿಗುವವರಿಗೆ, ಕರೆಂಟ್ ಹರಿಸಲು ತಾಮ್ರದ ಟೇಪೇ ಸರಿ. ದಪ್ಪ ಕಾಗದ, 5 ಮಿ.ಮೀ. ಟೇಪ್, ಎಲ್‌ಇಡಿ, ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್ ಇದ್ದರೆ ಸಾಕು. ಮೂಲೆಯಲ್ಲಿ ಟೇಪನ್ನು ಕತ್ತರಿಸಿ ಜೋಡಿಸಬೇಡಿ, ಮಡಚಿ ತಿರುಗಿಸಿ. ಎಷ್ಟೋ ಟೇಪುಗಳ ಅಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ, ಜೋಡಿಸಿದ ಕಡೆಯೇ ಕೈಕೊಡುತ್ತದೆ. ಕೆಂಪು, ನೀಲಿ ಎಲ್‌ಇಡಿಗಳನ್ನು ಒಂದೇ ಸೆಲ್ಲಿಗೆ ಅಕ್ಕಪಕ್ಕ ಹಾಕಿದರೆ ನೀಲಿ ಮಂಕಾಗುತ್ತದೆ, ಇಲ್ಲವೇ ಹತ್ತುವುದೇ ಇಲ್ಲ: ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3 ಬೇಕು.

ಬ್ಯಾಗಿಗೆ ನೇತುಹಾಕುವಂಥದ್ದಕ್ಕೆ ಮಾತ್ರ ಬೆಸುಗೆಯೇ ಬೇಕು. ಅಲುಗಾಟಕ್ಕೆ ಟೇಪ್ ಸೀಳುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್, 0.8 ಮಿ.ಮೀ. ಸೋಲ್ಡರ್ ತಂತಿ (ಕರಗಿ ಬೆಸೆಯುವ ಲೋಹದ ತಂತಿ), ಗಾಳಿಯಾಡುವ ಜಾಗ ಇರಲಿ. ತಂತಿಯನ್ನು ಐರನ್ ತುದಿಯಲ್ಲಿ ಕರಗಿಸಿ ಹನಿಸಿದರೆ ಬೆಸುಗೆ ಹಿಡಿಯುವುದಿಲ್ಲ. ಎಲ್‌ಇಡಿ ಕಾಲು, ಅದು ಕೂರುವ ಲೋಹದ ಜಾಗ (ಪ್ಯಾಡ್) ಎರಡನ್ನೂ 2–3 ಸೆಕೆಂಡ್ ಬಿಸಿಮಾಡಿ, ಆಮೇಲೆ ತಂತಿ ಮುಟ್ಟಿಸಿ. ಸೀಸವಿರುವ ತಂತಿಯಾದರೆ ಕೈ ತೊಳೆಯದೆ ಏನೂ ತಿನ್ನಬೇಡಿ.